ಹುಳದ ಮನೆಯ ಹವಾಮಾನ

ಆ ಬೆಳಿಗ್ಗೆ ರೇಷ್ಮೆ ಹುಳದ ಮನೆಯ ಕಿಟಕಿ ಮುಚ್ಚಿತ್ತೋ ತೆರೆದಿತ್ತೋ, ನಾನು ಖಚಿತವಾಗಿ ಹೇಳಲಾರೆ. ಮುಚ್ಚಿತ್ತು, ಸಂದಿಗೆಲ್ಲ ಗೋಣಿಚೀಲ ತುರುಕಿತ್ತು ಎಂದು ನನ್ನ ನೆನಪು. ಒಂದು ಕದ ತೆರೆದೇ ಇತ್ತು ಎನ್ನುತ್ತಾನೆ ಚಿಕ್ಕಪ್ಪ. ನಾನು ಇತಿಹಾಸ ಓದಿದವನು. ಒಬ್ಬನೇ ಸಾಕ್ಷಿಯ ಮಾತನ್ನು ಸುಮ್ಮನೆ ನಂಬಬಾರದೆಂದು ಕೋಲಾರದ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಇಲ್ಲಿ ಆ ಸಾಕ್ಷಿ ನಾನೇ ಆಗಿರುವುದರಿಂದ ಅನುಮಾನ ಇನ್ನೂ ಹೆಚ್ಚು.

ಅನುಮಾನವಿಲ್ಲದೆ ನೆನಪಿರುವುದು ಚಿಕ್ಕಮ್ಮನ ಜಗಳ. ನಾರಾಯಣಮ್ಮ ಚಿಕ್ಕಮ್ಮ ಹವಾಮಾನ ವರದಿಯ ಜೊತೆ ಜಗಳವಾಡುತ್ತಿದ್ದಳು. ಶ್ರೀನಿವಾಸಪುರದಿಂದ ಆಂಧ್ರದ ಕಡೆ ಹೋಗುವ ದಾರಿಯ ನಮ್ಮೂರಿನಲ್ಲಿ ರೇಡಿಯೋ ಕನ್ನಡ ಮಾತಾಡಿದರೆ ಟೀವಿ ತೆಲುಗು ಮಾತಾಡುತ್ತದೆ. ಕಾರ್ತಿಕ ಕಳೆಯುವ ಹೊತ್ತಿಗೆ ಎರಡೂ ಬೇರೆ ಬೇರೆ ಹೇಳತೊಡಗುತ್ತವೆ. ರೇಡಿಯೋದಲ್ಲಿ ದಕ್ಷಿಣ ಒಳನಾಡಿಗೆ ಒಣಹವೆ. ಟೀವಿಯಲ್ಲಿ ಬಂಗಾಳ ಕೊಲ್ಲಿಯಿಂದ ಸುತ್ತಿ ಬರುವ ಮೋಡ. ಚಿಕ್ಕಮ್ಮ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಲೇ ಎರಡಕ್ಕೂ ಉತ್ತರ ಕೊಡುತ್ತಿದ್ದಳು.

"ಒಳನಾಡಂತೆ! ಎಷ್ಟು ಒಳಗಪ್ಪಾ? ನಮ್ಮೂರ್ಗಂಟ ಬರಲ್ವಾ?" ಆಮೇಲೆ ಟೀವಿಯ ಹುಡುಗಿಗೆ: "ಏಮಮ್ಮಾ, ನೆಲ್ಲೂರು ಹೇಳ್ದೆ, ತಿರುಪತಿ ಹೇಳ್ದೆ. ಆ ಮೋಡ ಏನು ಚೆಕ್‌ಪೋಸ್ಟ್‌ನಾಗೆ ನಿಂತ್ಕಂತದಾ?" ಕೊನೆಗೆ ನನ್ನ ಸರದಿ. "ಏನಪ್ಪಾ ಮೇಷ್ಟ್ರೇ, ನಿನ್ ಫೋನ್ ಏನಂತೈತೆ?" ನಾನು ಓದಿ ಮುಗಿಸುವ ಮೊದಲೇ "ಸುಳ್ಳು" ಎಂದುಬಿಡುತ್ತಿದ್ದಳು.

ಅವಳು ನಂಬುತ್ತಿದ್ದುದು ಹುಳವನ್ನು. ರೇಷ್ಮೆ ಹುಳ ಬೀಡಿ ಹೊಗೆ ತಡೆಯದು, ಊದುಬತ್ತಿ ತಡೆಯದು, ಸೊಳ್ಳೆಬತ್ತಿ ಹಚ್ಚಿದರೆ ಸತ್ತೇ ಹೋಗುತ್ತದೆ. ಗೂಡು ಸಾಗಿಸುವ ಟೆಂಪೋದ ಬಾಬು ಒಮ್ಮೆ ಮದುವೆಮನೆಯಿಂದ ನೇರವಾಗಿ ಬಂದಿದ್ದ.

"ಅತ್ತರ್ ಹಾಕ್ಕೊಂಡ್ ಬಂದಿದೀಯಲ್ಲೋ ಬಾಬೂ, ನನ್ ಹುಳದ ತಿಥಿ ಮಾಡಕ್ಕಾ?"

"ತಂಗಿ ಶಾದಿ ಅಕ್ಕಾ, ಒಂದೇ ಚುಕ್ಕಿ."

"ಅಲ್ಲೇ ನಿಂತ್ಕೋ. ಆ ಹುಣಸೇಮರಕ್ಕೆ ತೋರ್ಸು ನಿನ್ ಚುಕ್ಕೀನ."

ಬಾಬು ಮರದ ಕೆಳಗೇ ನಗುತ್ತ ಚಹಾ ಕುಡಿದು ಹೋದ. ಚಿಕ್ಕಮ್ಮ ನನ್ನ ಕಡೆ ತಿರುಗಿ ಹೇಳಿದಳು: "ಹುಳ ತಿಂತಾ ಇದ್ರೆ ಆ ಮನೇಲಿ ಗಾಳಿ ಚೆನ್ನಾಗೈತೆ ಅಂತ ಕಣೋ. ಅದ್ಕಿಂತ ಸೂಕ್ಷ್ಮಾನಾ ನಾವು?" ಈ ಮಾತನ್ನು ಎಷ್ಟು ಸಲ ಕೇಳಿದ್ದೆನೋ. ಒಂದು ಸಲವೂ ಇದರಲ್ಲಿ ತಪ್ಪು ಕಾಣಿಸಿರಲಿಲ್ಲ.

ಆ ಬೆಳಿಗ್ಗೆಯ ಹಿಂದಿನ ವರ್ಷ ಹುಳದ ಒಂದು ಬೆಳೆ ಪೂರ್ತಿ ಹೋಗಿತ್ತು. ಹುಳ ಪೊರೆ ಬಿಡುವ ಮುಂಚಿನ ನಿದ್ದೆಗೆ ಇಲ್ಲಿ ಜ್ವರ ಎನ್ನುತ್ತಾರೆ. ಕೊನೆಯ ಜ್ವರ ದಾಟಿ, ಗೂಡು ಕಟ್ಟಲು ಇನ್ನೇನು ಕೆಲವೇ ದಿನ ಎನ್ನುವಾಗ ಸೆಕೆ ಹೋಗಿ ಚಳಿ ಬಿತ್ತು. ಹುಳ ಸೊಪ್ಪು ಮುಟ್ಟಲಿಲ್ಲ, ಮೆತ್ತಗಾಗಿ ಕಪ್ಪಾದವು. ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚುವಾಗ ಚಿಕ್ಕಮ್ಮ ಅತ್ತಳೆಂದು ನನ್ನ ನೆನಪು. ಇಲ್ಲ, ಬೈದಳು ಎನ್ನುತ್ತಾನೆ ಚಿಕ್ಕಪ್ಪ. ಅವಳ ಮಾತಿನ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ಭೇದವಿಲ್ಲ: "ಇನ್ನೊಂದ್ ಸಲ ಚಳೀಗೆ ಕೊಡಲ್ಲ."

ಮರುವರ್ಷ ಅದೇ ಕಾರ್ತಿಕದ ಕೊನೆ, ಹುಳ ಮತ್ತೆ ಕೊನೆಯ ಜ್ವರ ದಾಟಿತ್ತು. ನಾನು ರಜೆಗೆ ಊರಿಗೆ ಹೋಗಿದ್ದೆ. ಮಧ್ಯಾಹ್ನ ಬನಿಯನ್ ಒದ್ದೆಯಾಗುವಷ್ಟು ಸೆಕೆ. ಸಂಜೆ ಮೋಡ ಸರಿದು ಆಕಾಶ ತೊಳೆದ ಹಾಗಾಯಿತು, ಅಂಗಳದ ಕಲ್ಲು ಬೇಗ ತಣ್ಣಗಾಯಿತು. ಅಪರೂಪಕ್ಕೆ ರೇಡಿಯೋ, ಟೀವಿ, ನನ್ನ ಫೋನ್ ಮೂರೂ ಒಂದೇ ಹೇಳಿದವು: ಚಳಿ. ಚಿಕ್ಕಮ್ಮ ಜಗಳವಾಡಲಿಲ್ಲ. ಅದು ನನಗೆ ಆಗಲೇ ವಿಚಿತ್ರವೆನಿಸಿತ್ತು, ಅಥವಾ ಈಗ ಅನ್ನಿಸುತ್ತಿದೆ.

ಕಬ್ಬಿಣದ ಬಾಣಲೆಯಲ್ಲಿ ಇದ್ದಿಲು ಹಚ್ಚಿ ಅಂಗಳದಲ್ಲಿಟ್ಟಳು. ಹುಳಕ್ಕೆ ಹೊಗೆ ಆಗದೆಂದು, ಹೊಗೆಯೆಲ್ಲ ಆರಿ ಬರಿಯ ಕೆಂಡವಾಗುವವರೆಗೂ ಕಾದಳು. ಆಮೇಲೆ ಬಾಣಲೆಯನ್ನು ಹುಳದ ಮನೆಯೊಳಗೆ ಒಯ್ದಳು, ಕಂಬಳಿಯನ್ನೂ.

"ಒಳಗೇ ಮಲಗ್ತೀಯೇನೇ? ಉಸಿರು ಕಟ್ಟಲ್ವಾ?" ಎಂದ ಚಿಕ್ಕಪ್ಪ.

"ನಿನ್ ಗೊರಕೆ ಪಕ್ಕದಾಗೇ ಕಟ್ಟಲಿಲ್ಲ, ಇಲ್ ಕಟ್ತದಾ? ಹುಳ ತಿಂತಾ ಐತಲ್ಲ, ಹೋಗಯ್ಯ."

ನಾವಿಬ್ಬರೂ ನಕ್ಕೆವು.

ಬೆಳಿಗ್ಗೆ ಬಾಗಿಲು ತಳ್ಳಿದಾಗ ಅವಳು ಕಂಬಳಿ ಹೊದ್ದು ಗೋಡೆಗೊರಗಿ ಕೂತಿದ್ದಳು. ಮುಖ ಕೆಂಪಗಿತ್ತು, ಬೆಚ್ಚಗೆ ನಿದ್ದೆ ಹೋದವಳ ಹಾಗೆ. ಚಿಕ್ಕಪ್ಪ "ನಾರಾಯಣೀ" ಎಂದು ಕೂಗಿದ. ಅವನು ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಕೂಗಿ ಕೂಗಿ ಅವನು ಸುಮ್ಮನಾದ ಮೇಲೆ, ಹುಳದ ತಟ್ಟೆಯಿಡುವ ಅಟ್ಟಣಿಗೆಗಳಿಂದ ಹುಳ ಸೊಪ್ಪು ತಿನ್ನುವ ಸದ್ದು ಕೇಳಿತು. ಅವಳು ಕೊನೆಯದಾಗಿ ಹಾಕಿದ ಸೊಪ್ಪು.

ಎಲ್ಲಕ್ಕಿಂತ ಹೆಚ್ಚಾಗಿ ನಾನು ಅನುಮಾನಿಸಿದ್ದು ಈ ಸದ್ದನ್ನು. ಅವಳ ಪ್ರಾಣ ತೆಗೆದ ಗಾಳಿಯಲ್ಲಿ, ಊದುಬತ್ತಿಯನ್ನೂ ತಡೆಯದ ಹುಳ ಹೇಗೆ ತಿಂದೀತು? ಬುದ್ಧಿ ಕೆಟ್ಟ ಹೊತ್ತಿನಲ್ಲಿ ಕಿವಿಯೇ ಹುಟ್ಟಿಸಿಕೊಂಡ ಸದ್ದಿರಬೇಕು ಎಂದುಕೊಂಡೆ. ನೀನೂ ಕೇಳಿಸಿಕೊಂಡೆಯಾ ಎಂದು ಚಿಕ್ಕಪ್ಪನನ್ನು ಕೇಳಲು ಬಾಯಿ ಬರಲಿಲ್ಲ.

ಕಿಟಕಿಯ ವಿಚಾರ ಇವತ್ತಿಗೂ ಇತ್ಯರ್ಥವಾಗಿಲ್ಲ. ಆ ಸದ್ದಿನ ವಿಚಾರವನ್ನು ಮಾತ್ರ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಮೇಡಂ ಅವರಲ್ಲಿ ವಿಚಾರಿಸಿದೆ, ಪುಸ್ತಕದಲ್ಲೂ ನೋಡಿ ಖಚಿತಪಡಿಸಿಕೊಂಡೆ. ಇದ್ದಿಲ ಕೆಂಡದ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಹಿಡಿಯುವುದು ನಮ್ಮ ರಕ್ತದಲ್ಲಿ ಉಸಿರು ಹೊರುವ ಕೆಂಪನ್ನು. ರೇಷ್ಮೆ ಹುಳದ ರಕ್ತದಲ್ಲಿ ಆ ಕೆಂಪು ಇಲ್ಲ.