ನನ್ನ ಪಡಸಾಲೆ, ಅವಳ ಹೆಸರು

ಅಪ್ಪನ ಮಣ್ಣಿನ ಮಾಳಿಗೆ ಮನೆ ನನ್ನ ಪಾಲಿಗೆ ಬಂತು, ಓದು ತಂಗಿಯ ಪಾಲಿಗೆ. ಅವಳನ್ನು ಎತ್ತಿ ಆಡಿಸಲೆಂದು ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟೆ. ಅವಳು ಕಲಿತು ನಮ್ಮೂರಿಗೇ ಆಶಾ ಕಾರ್ಯಕರ್ತೆಯಾದಳು.

ಈಚೆಗೆ ನಮ್ಮ ಶಿರಹಟ್ಟಿ ಕಡೆ ಶಿವರಾತ್ರಿ ಮುಗಿಯುತ್ತಲೇ ನೆತ್ತಿ ಸುಡುತ್ತದೆ. ಊರಲ್ಲಿ ಹೊಸದಾಗಿ ಕಟ್ಟಿದ್ದೆಲ್ಲ ತಗಡಿನ ಮನೆ. ಮಧ್ಯಾಹ್ನ ಅದರೊಳಗೆ ಮುದುಕರಿಗೆ, ಬಸುರಿಯರಿಗೆ ತಲೆ ಸುತ್ತುತ್ತಿತ್ತು.

"ಅಕ್ಕಾ, ನಿನ್ನ ಪಡಸಾಲಿ ತಂಪೈತಿ. ಬಿಸಲ ಇಳಿಯೂತನಕ ಅವರನ್ನ ಇಲ್ಲೆ ಕುಂಡ್ರಸೋಣೇನ?" ಎಂದು ತಂಗಿ ಕೇಳಿದಳು. ಒಪ್ಪಿದೆ.

ನೆಲ ಸಾರಿಸಿ, ಬಾಗಿಲಿಗೆ ಹಸಿ ಗೋಣಿಚೀಲ ಇಳಿಬಿಟ್ಟು, ಉಪ್ಪು ಹಾಕಿ ಮಜ್ಜಿಗೆ ಮಾಡಿಡುವವಳು ನಾನು. ತಂಗಿ ಬಂದು ಮೈ ಮುಟ್ಟಿ ನೋಡಿ, ಉಚ್ಚೆಯ ಬಣ್ಣ ಕೇಳಿ ಹೋಗುವಳು. ಆದರೂ ಊರವರು ನನ್ನ ಪಡಸಾಲೆಗೆ 'ಆಶಾಬಾಯಿ ಖೋಲಿ' ಎಂದು ಹೆಸರಿಟ್ಟರು. ಪಕ್ಕದ ಮನೆಯ ಮುದುಕಿಯಂತೂ ನಾನು ಕೊಟ್ಟ ಮಜ್ಜಿಗೆ ಕುಡಿದು, "ನಿನ್ನ ತಂಗಿ ಕೈಗುಣ ಭಾರಿ ಐತಿ ನೋಡ" ಎಂದಳು.

"ಮಾಡಿದಾಕಿ ನಾ ಬೇ!"

"ಹೇಳಿಕೊಟ್ಟಾಕಿ ಆಕಿನ ಅಲ್ಲನ?"

ಮರುದಿನ ಒಳಗಿನಿಂದ ಚಿಲಕ ಹಾಕಿಕೊಂಡೆ. ತಂಗಿ ಕರೆದಳು, ಬಾಗಿಲು ಬಡಿದಳು. ಗೋಡೆಗೆ ಆತು ಕೂತು, ಇವತ್ತು ಎಲ್ಲಿ ಕೂಡಿಸುತ್ತಾಳೋ ನೋಡೋಣ ಎಂದು ನಕ್ಕದ್ದೂ ನಿಜ. ಎಲ್ಲರೂ ತಿರುಗಿ ಹೋದರು. ಮುದುಕಿ ತನ್ನ ತಗಡಿನ ಮನೆಯಲ್ಲಿ ಎಚ್ಚರ ತಪ್ಪಿ ಬಿದ್ದಳು. ತಂಗಿ ಹಸಿ ಸೀರೆ ಹೊದಿಸಿ, ಟಂಟಂ ಗಾಡಿಯಲ್ಲಿ ಹಾಕಿಕೊಂಡು ಶಿರಹಟ್ಟಿ ದವಾಖಾನೆಗೆ ಓಡಿದಳು. ಮುದುಕಿ ಉಳಿದಳು.

ಬಾಗಿಲು ಯಾಕೆ ಹಾಕಿತ್ತೆಂದು ಓಣಿಯವರು ಕೇಳಿದರೆ ತಂಗಿ, "ಅಕ್ಕ ಹಿತ್ತಲ ಬಾಗಲದಿಂದ ಲಕ್ಷ್ಮೇಶ್ವರಕ್ಕ ಹೋಗಿದ್ಲರಿ" ಎಂದಳಂತೆ. ಆ ದೊಡ್ಡತನವೂ ಅವಳಿಗೇ ಹೋಯಿತಲ್ಲ ಎಂದು ಆಗಲೂ ಹೊಟ್ಟೆ ಉರಿಯಿತು.

ಮುದುಕಿ ಮನೆಗೆ ಮರಳಿದ ಮೇಲೆ ಹೋಗಿ ಹೇಳಿದೆ: "ಯವ್ವಾ, ಅವತ್ತ ನಾ ಊರಾಗ ಇದ್ದೆ. ಬೇಕಂತನ ಬಾಗಲಾ ತಗೀಲಿಲ್ಲ."

"ಗೊತ್ತೈತಿ. ನಿನ್ನ ಕೈಯಾಗಿನ ಬಳಿ ಸಪ್ಪಳಾ ಕೇಳಿಸ್ತು."

"ತಂಗಿಗೆ?"

"ಆಕಿ ಏನ ಕಿವುಡಿ ಏನ? ಅದಕ್ಕ ನನ್ನ ರಟ್ಟಿ ಹಿಡದ ನಿನ್ನ ಬಾಗಲದಿಂದ ಎಳಕೊಂಡ ಹ್ವಾದ್ಲು, ನಾ ಓಣ್ಯಾಗ ಒದರಬಾರ್ದಂತ."

ತಂಗಿಯ ಮುಂದೆ ಮಾತ್ರ ನನಗೆ ಇನ್ನೂ ಬಾಯಿ ಬಂದಿಲ್ಲ. ಖೋಲಿ ಮತ್ತೆ ನಡೆದಿದೆ. ಅವಳು ದಿನಾ ಬರುತ್ತಾಳೆ. ತೆರೆದ ಬಾಗಿಲ ಹೊರಗೇ ನಿಂತು, "ಒಳಗ ಬರ್ಲ್ಯಾ ಅಕ್ಕಾ?" ಎಂದು ಕೇಳುತ್ತಾಳೆ. ಮೊದಲು ಹಾಗೆ ಕೇಳುತ್ತಿರಲಿಲ್ಲ.