ಐವತ್ತಮೂರನೆಯ ಪುಟದ ಮೊಹರು

ಐವತ್ತಮೂರನೆಯ ಪುಟದ ಆ ಮೊಹರನ್ನು ಒತ್ತಿದವಳು ನಾನು. ಪುಸ್ತಕ ನಮ್ಮ ಗ್ರಂಥಾಲಯದ್ದಲ್ಲ, ಯಾವತ್ತೂ ಆಗಿರಲಿಲ್ಲ. ಮೂರು ವರ್ಷದಿಂದ ಈ ಸುಳ್ಳನ್ನು ಕಾಯ್ದುಕೊಂಡು ಬಂದಿದ್ದೇನೆ.

ದಿನಾ ಬೆಳಿಗ್ಗೆ ನಿಮಗೆ 'ಗ್ರಂಥಾಲಯ ಸುದ್ದಿ' ಕಳಿಸುವ ಲಲಿತ ನಾನು. ಯಸಳೂರಿನಿಂದ ಒಳಗೆ, ಬಸ್ಸು ತಿರುಗಿಸಿಕೊಳ್ಳುವ ಊರಿನ ಲೈಬ್ರರಿಯವಳು. ಹಳೆಯ ಪುಸ್ತಕ ಯಾವ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಪರೀಕ್ಷೆ ಬರೆಯುವವರಿಗೆ ಪ್ರಶ್ನೆಪತ್ರಿಕೆ ಎಲ್ಲಿದೆ, ಕಣ್ಣು ಕಾಣದವರಿಗೆ ಓದಿ ಹೇಳುವ ಪುಸ್ತಕ ಎಲ್ಲಿದೆ — ಹುಡುಕಿ ನಮ್ಮ ಗ್ರಂಥಪಾಲಕರ ವಾಟ್ಸಾಪ್ ಗುಂಪಿಗೆ ಹಾಕುವುದು ನನ್ನ ಚಟ. ಇವತ್ತಿನ ಸುದ್ದಿ ಇದೊಂದೇ. ಉದ್ದವಾಯಿತೆಂದು ಬೈದುಕೊಳ್ಳದೆ ಓದಿ.

ಮೆಣಸಿನ ಬಳ್ಳಿಯ ಆರೈಕೆ ಕುರಿತ ಆ ಚಿಕ್ಕ ಪುಸ್ತಕ ನಿಮಗೆಲ್ಲ ನೆನಪಿದೆ. ಅದು ರೈಟರ್ ಸಿಲ್ವೆಸ್ಟರ್ ಅವರದು. ಹೆಗ್ಗದ್ದೆ ಕಡೆಯ ಒಂದು ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆದು ಬರೆದೇ ತಲೆ ನರೆಸಿಕೊಂಡವರು. ಅವರ ಅಪ್ಪ ಮಂಗಳೂರಿನಿಂದ ಘಟ್ಟ ಹತ್ತಿ ಬರುವಾಗ ತಂದ ಪುಸ್ತಕವಂತೆ. ರಟ್ಟು ಉದುರಿತ್ತು, ಹೆಸರಿನ ಪುಟವೂ ಇರಲಿಲ್ಲ. "ಕಂಪ್ಯೂಟರ್‌ಗೆ ಹತ್ಸಮ್ಮ ಲಲಿತಮ್ಮ, ನಾಕು ಜನಕ್ಕೆ ಉಪಯೋಗ ಆಗ್ಲಿ. ಆಮೇಲೆ ವಾಪಸ್ ಕೊಡು" ಎಂದು ಕೊಟ್ಟಿದ್ದರು.

ಪುಟಪುಟವನ್ನೂ ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಹತ್ತಿಸಿದೆ. ಸುದ್ದಿಯಲ್ಲಿ 'ನಮ್ಮ ಗ್ರಂಥಾಲಯದ ಅಪರೂಪದ ಪುಸ್ತಕ' ಎಂದು ಬರೆದೆ. ಬರೆಯುವಾಗ ಅದು ದೊಡ್ಡ ಸುಳ್ಳು ಅನ್ನಿಸಲೂ ಇಲ್ಲ. ನೀವೆಲ್ಲ ಹೊಗಳಿದಿರಿ — ಆ ದಿನ ನನಗೆ ಊಟ ಬೇಡವಾಗಿತ್ತು, ಅಷ್ಟು ಹಿಗ್ಗು. ಆಮೇಲೆ ಹಾಸನದಿಂದ ಅಧಿಕಾರಿಯೊಬ್ಬರು ಫೋನು ಮಾಡಿ, ಪ್ರದರ್ಶನಕ್ಕೆ ಇಡೋಣ, ರಿಜಿಸ್ಟರಿನ ನಂಬರು ಸಮೇತ ತನ್ನಿ ಎಂದರು. ರೈಟರು ಕೊಟ್ಟದ್ದು ಸಾರ್ ಎಂದಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ.

ನನ್ನದು ಹುಟ್ಟು ಅನುಮಾನದ ಬುದ್ಧಿ. ಹಾಲಿನವನ ಮುಂದೆಯೇ ಹಾಲಿಗೆ ಬೆರಳದ್ದಿ ನೋಡುವವಳು ನಾನು. ಆ ವಾರವೆಲ್ಲ ರೈಟರ ಮೇಲೆ ಅನುಮಾನಪಟ್ಟೆ. ಎಸ್ಟೇಟ್ ಬಂಗಲೆಯ ಕಪಾಟಿನಿಂದ ಎತ್ತಿಕೊಂಡು ಬಂದಿರಬಹುದು — ಅಪ್ಪನದು ಅನ್ನುವುದಕ್ಕೆ ಸಾಕ್ಷಿ ಎಲ್ಲಿ? ವಾಪಸ್ ಕೊಟ್ಟರೆ ಯಾರಿಗೋ ಮಾರಿಬಿಟ್ಟರೆ? ಹೀಗೆ ಅವರನ್ನು ಮನಸ್ಸಿನಲ್ಲೇ ಕಳ್ಳನನ್ನಾಗಿ ಮಾಡಿ, ನಾನು ಕದಿಯುವುದನ್ನು ಸುಲಭ ಮಾಡಿಕೊಂಡೆ.

ಕೆಲಸಕ್ಕೆ ಹೊಸದಾಗಿ ಬಂದವರಿಗೆ ಹೇಳುತ್ತೇನೆ: ಪ್ರತಿ ಗ್ರಂಥಾಲಯಕ್ಕೂ ಒಂದು ಗುಟ್ಟಿನ ಪುಟ ಇರುತ್ತದೆ. ಮೊದಲ ಪುಟ ಹರಿದು ಯಾರಾದರೂ ಪುಸ್ತಕ ಹೊಡೆದರೂ ಒಳಗಿನ ಆ ಪುಟದಲ್ಲಿ ನಮ್ಮ ಮೊಹರು ಇರುತ್ತದೆ. ಸಂಖ್ಯೆ ಹೊರಗೆ ಬಿಡಬಾರದು. ನಮ್ಮದು ಐವತ್ತಮೂರು — ಬಿಟ್ಟಾಯಿತು. ಕಳ್ಳರನ್ನು ಹಿಡಿಯಲೆಂದೇ ಹಿರಿಯರು ಮಾಡಿದ್ದ ಆ ಉಪಾಯವನ್ನು ನಾನು ಹೇಗೆ ಬಳಸಿದೆ ಎಂದರೆ — ಬಾಗಿಲು ಮುಂದೆ ಮಾಡಿ, ಐವತ್ತಮೂರನೆಯ ಪುಟ ತೆರೆದು ಒತ್ತಿದೆ. ಹಳೆಯ ರಿಜಿಸ್ಟರಿನಲ್ಲಿ ಖಾಲಿ ಬಿದ್ದಿದ್ದ ಸಾಲೊಂದನ್ನು ತುಂಬಿಸಿದೆ. ಪುಸ್ತಕದ ಕೊನೆಗೆ ಅಚ್ಚಿಲ್ಲದ ಒಂದು ಹಾಳೆ ಇತ್ತು. ಅದರಲ್ಲಿ ಪೆನ್ಸಿಲಿನಲ್ಲಿ ಏನೋ ಮನೆಯವರ ಹೆಸರುಗಳು. ಅದಿದ್ದರೆ ಸಿಕ್ಕಿಬೀಳುತ್ತಿದ್ದೆ. ಹರಿದೆ. ಕಂಪ್ಯೂಟರಿನಿಂದಲೂ ಆ ಪುಟ ತೆಗೆದೆ.

ರೈಟರು ಬಂದಾಗ ಪೇಪರ್ ಓದುವವರು ಮೂವರು ಇದ್ದರು. "ಪುಸ್ತಕ ಆಯ್ತೇನಮ್ಮ? ತಗೊಂಡ್ಹೋಗ್ತೀನಿ" ಎಂದರು.

"ಎಲ್ಲಿಗ್ ರೈಟರೇ? ಇದು ಲೈಬ್ರರೀದು ಕಣ್ರೀ. ನೋಡಿ, ಮೊಹರೈತೆ."

ಪೇಪರಿನ ಹಿಂದಿನಿಂದ ಒಬ್ಬರು ನಕ್ಕರು. "ರೈಟರು ತಿರುಗ್ಸಿ ಕೊಡಕ್ ಬಂದಿದ್ರು ಬುಡಮ್ಮ, ಒಂದ್ ತಲೆಮಾರು ತಡ ಆಗ್ಬುಡ್ತು ಅಷ್ಟೇಯ!"

ಸಿಲ್ವೆಸ್ಟರ್ ನಗಲಿಲ್ಲ. ಪುಸ್ತಕ ತಿರುವಿ ಕೊನೆಗೆ ಬಂದರು. ಹಾಳೆ ಹರಿದ ಕಡೆ ಹೆಬ್ಬೆರಳು ಆಡಿಸಿದರು. ನನ್ನ ಮುಖ ನೋಡಿದರು. ಆಮೇಲೆ — "ಇರ್ಬೋದಮ್ಮ. ನಂಗೇ ಮರ್ತೋಗಿರ್ಬೇಕು" ಎಂದು ಹೊರಟುಹೋದರು. ನನ್ನ ಮರ್ಯಾದೆ ಕಾಯಲು ಅಷ್ಟು ಜನರ ಮುಂದೆ ತಮ್ಮದನ್ನು ಬಿಟ್ಟುಕೊಟ್ಟರು. ಅವತ್ತು ನನಗೆ ಹಾಗೆ ಕಾಣಲಿಲ್ಲ. ತಪ್ಪಿರದಿದ್ದರೆ ಜಗಳ ಮಾಡುತ್ತಿದ್ದರಲ್ಲ ಎಂದುಕೊಂಡೆ.

ಆಮೇಲೆ ವಾರಕ್ಕೊಮ್ಮೆ ಬರತೊಡಗಿದರು. ಕಂಪ್ಯೂಟರಿನ ಮುಂದೆ ಕೂತು ಆ ಪುಸ್ತಕವನ್ನೇ ತೆರೆಯುತ್ತಿದ್ದರು, ಒಂದೊಂದೇ ಪುಟ ಒತ್ತಿ ಕೊನೆಗೆ ಹೋಗುತ್ತಿದ್ದರು, ಅಲ್ಲಿಗೇ ಎದ್ದುಬಿಡುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗದಿದ್ದರೂ ನಾನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ದೂರು ಕೊಡಲು ಸಾಕ್ಷಿ ಹುಡುಕುತ್ತಿದ್ದಾರೆಯೇ? ಧೂಳು ಒರೆಸುವ ನೆಪದಲ್ಲಿ ಬೆನ್ನ ಹಿಂದೆ ನಿಂತೆ. ಅವರು ಹೋದ ಮೇಲೆ ಏನೇನು ತೆರೆದಿದ್ದರು ಎಂದು ಕಂಪ್ಯೂಟರ್ ಕೆದಕಿದೆ — ಓದುಗ ಏನು ಓದಿದ ಎಂದು ಇಣುಕಬಾರದು ಎಂಬ ಪಾಠವನ್ನು ನಿಮಗೆ ಸುದ್ದಿಯಲ್ಲಿ ಹೇಳಿದವಳೇ ನಾನು. ಸಾಲದ್ದಕ್ಕೆ ಇನ್ನೊಂದು ಸುದ್ದಿ ಹಾಕಿದೆ: 'ಗ್ರಂಥಾಲಯದ ಹಳೆಯ ಪುಸ್ತಕ ತಮ್ಮದೆಂದು ಹೇಳಿಕೊಂಡು ಬರುವವರಿದ್ದಾರೆ, ಎಚ್ಚರ.' ಹೆಸರು ಬರೆಯಲಿಲ್ಲ. ಹತ್ತಿರದ ಊರಿನವರಿಗೆ ಹೆಸರು ಬೇಕಿರಲಿಲ್ಲ.

ಕೊನೆಗೊಂದು ದಿನ ಅವರೇ ಕೇಳಿದರು. "ಕೊನೇಲಿ ಒಂದ್ ಹಾಳೆ ಇತ್ತಮ್ಮ, ಪೆನ್ಸಿಲಲ್ ಬರ್ದಿದ್ದು. ಇದ್ರಲ್ಲಿ ಕಾಣ್ತಾನೇ ಇಲ್ಲ. ಪುಸ್ತಕ ನಿಮ್ದೇ ಆಗ್ಲಿ ಬುಡು. ಅದೊಂದ್ ಸಲ ನೋಡ್ಬೇಕಿತ್ತು. ನಮ್ಮಮ್ಮ ಬರ್ದಿರೋದು ಅಂತ ಬೇರೆ ಏನೂ ಉಳ್ದಿಲ್ಲ ಕಣಮ್ಮ."

ಹಾಳೆ ಆಗ ನನ್ನ ಮನೆಯ ಕಬ್ಬಿಣದ ಬೀರುವಿನಲ್ಲಿ, ಸೀರೆಗಳ ಕೆಳಗೆ ಇತ್ತು. ನಾನು ಹೇಳಿದೆ — "ಅಂಥ ಹಾಳೆ ಇರ್ಲೇ ಇಲ್ಲ ರೈಟರೇ." ಅವರು ಮತ್ತೆ ಬರಲಿಲ್ಲ.

ಈಗ ಯಾಕೆ ಬಾಯಿ ಬಿಡುತ್ತಿದ್ದೇನೆ ಎಂದರೆ, ದೊಡ್ಡ ಆನ್‌ಲೈನ್ ಸಂಗ್ರಹವೊಂದಕ್ಕೆ ಈ ಪುಸ್ತಕ ಆಯ್ಕೆಯಾಗಿದೆ. ನಿನ್ನೆ ಅರ್ಜಿ ತುಂಬಲು ಕೂತೆ. ಮೂಲ ಪ್ರತಿ ಯಾರದು? ಎಲ್ಲ ಪುಟಗಳೂ ಇವೆಯೇ? ಅರ್ಜಿಯನ್ನು ಅಲ್ಲಿಗೇ ಬಿಟ್ಟೆ. ಮನೆಗೆ ಹೋಗಿ ಹಾಳೆ ತೆಗೆದು, ಮೊದಲ ಬಾರಿಗೆ ಅದನ್ನು ಪೂರ್ತಿ ಓದಿದೆ. ಐದು ಮಕ್ಕಳ ಹೆಸರು, ಹುಟ್ಟಿದ ಹಾಗೆ ಒಂದರ ಕೆಳಗೊಂದು. ಮೊದಲ ಹೆಸರಿನ ಅಕ್ಷರಗಳು ಅಡ್ಡಾದಿಡ್ಡಿ — ಆ ತಾಯಿ ಆಗಷ್ಟೇ ಬರೆಯಲು ಕಲಿತಿದ್ದರೇನೋ. ಕೊನೆಯ ಹೆಸರು ಸಿಲ್ವೆಸ್ಟರ್. ಅಷ್ಟರಲ್ಲಿ ಕೈ ಕುದುರಿದೆ.

ಆ ಹಾಳೆಯ ಚಿತ್ರ ಈ ಸುದ್ದಿಯ ಜೊತೆ ಇಲ್ಲ. ತೋರಿಸಲು ಅದು ನನ್ನದಲ್ಲ. ಪುಸ್ತಕವನ್ನು ಜಾಲತಾಣದಿಂದ ತೆಗೆದಿದ್ದೇನೆ. ಮತ್ತೆ ಹಾಕಬೇಕೋ ಬೇಡವೋ ರೈಟರೇ ಹೇಳಲಿ. ಹಾಸನದ ಅಧಿಕಾರಿಗೂ ಬರೆದಿದ್ದೇನೆ. ಅವರು ಏನು ಮಾಡಿದರೂ ಸರಿಯೇ. ಐವತ್ತಮೂರನೆಯ ಪುಟದ ಶಾಯಿ ಹೋಗುವುದಿಲ್ಲ. ಅದರ ಪಕ್ಕದಲ್ಲಿ ಕೈಯಲ್ಲಿ ಬರೆದೆ: 'ಈ ಪುಸ್ತಕ ಸಿಲ್ವೆಸ್ಟರ್ ಅವರದು. ಈ ಮೊಹರು ಸುಳ್ಳು. ಒತ್ತಿದವಳು ಲಲಿತ.'

ಪುಸ್ತಕ, ಹಾಳೆ ಎರಡೂ ಚೀಲದಲ್ಲಿವೆ. ಹೆಗ್ಗದ್ದೆ ಕಡೆಯ ಬಸ್ಸಿಗೆ ನಿಂತಿದ್ದೇನೆ. ರೈಟರ ಮನೆಯ ಬಾಗಿಲಲ್ಲಿ, ಮಾತಿಗೆ ಮೊದಲು ಹಾಳೆಯನ್ನು ಅವರ ಕೈಗೆ ಕೊಡುತ್ತೇನೆ.