ಯಜಮಾನ್ರಿಗೆ ಹಾಕಿದ ಬಾಳೆಹಣ್ಣು

ಟೆಕ್ಸಾಸ್‌ನ ಕ್ಲಿಯರ್ ಲೇಕ್‌ನಲ್ಲಿ ಮೂವತ್ತು ವರ್ಷ ಎಂಜಿನಿಯರ್ ಆಗಿದ್ದು, ನಿವೃತ್ತನಾಗಿ ಜಾರ್ಜ್‌ಟೌನ್‌ಗೆ ಬಂದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಜಿಂಕೆಗಳ ವಿಡಿಯೊ ನೋಡುವುದು. ಸಂಬಳವಿಲ್ಲದ ಈ ಕೆಲಸ ಕೊಟ್ಟವರು ಇರ್ವಿಂಗ್‌ನ ಮೂಳೆ ಡಾಕ್ಟರು. ಧಾರವಾಡದವರು, ನನಗಿಂತ ಎಂಟು ವರ್ಷ ದೊಡ್ಡವರು. ಕನ್ನಡದವರ ಯಾವುದೋ ಊಟದ ಸಾಲಿನಲ್ಲಿ ಪರಿಚಯವಾಗಿತ್ತು. ನಮ್ಮ ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಅವರದೊಂದು ಕಲ್ಲುಗುಡ್ಡದ ಜಮೀನಿತ್ತು. ಅಲ್ಲಿ ವರ್ಷಕ್ಕೆ ಹೆಚ್ಚೆಂದರೆ ಒಂದು ಬಿಳಿಬಾಲದ ಜಿಂಕೆಯನ್ನು ಹೊಡೆಯುತ್ತಿದ್ದರು. ಎಷ್ಟೋ ವರ್ಷ ಒಂದನ್ನೂ ಹೊಡೆಯದೆ ಬರಿಗೈಯಲ್ಲಿ ಹೋಗುತ್ತಿದ್ದರು. ಕೇಕಿನಲ್ಲಿ ಮೊಟ್ಟೆಯಿದೆಯೇ ಎಂದು ಡಬ್ಬಿ ತಿರುಗಿಸಿ ಓದುವ ನನಗೂ ಅವರಿಗೂ ಸ್ನೇಹ ಕುದುರಿದ್ದು ಇಂದಿಗೂ ನನ್ನ ಹೆಂಡತಿಗೆ ಅರ್ಥವಾಗಿಲ್ಲ.

ಬೇಟೆ ಶುರುವಾಗುವುದು ನವೆಂಬರಿನಲ್ಲಿ. ಆದರೆ ಡಾಕ್ಟರ ಬೇಟೆ ಆಗಸ್ಟಿನಲ್ಲೇ ಶುರು. ಮರಗಳಿಗೆ ಕ್ಯಾಮೆರಾ ಕಟ್ಟಿ, ಗಂಡು ಜಿಂಕೆಗಳು ಓಡಾಡುವ ದಾರಿ, ನೀರು ಕುಡಿಯುವ ಜಾಗ, ಮಲಗುವ ಪೊದೆ ಎಲ್ಲವನ್ನೂ ತಿಂಗಳುಗಟ್ಟಲೆ ಗಮನಿಸುತ್ತಿದ್ದರು. ನೋಡುವುದನ್ನು ನನಗೆ ಕಲಿಸಿದವರೂ ಅವರೇ.

"ಕೊಂಬು ಎಣಿಸಬ್ಯಾಡ್ರಿ, ಎಂಜಿನಿಯರ್ ಸಾಹೇಬ್ರ. ಹೊಟ್ಟಿ ನೋಡ್ರಿ, ಬೆನ್ನು ನೋಡ್ರಿ. ಹೊಟ್ಟಿ ಜೋತು ಬಿದ್ದು ಕಾಲು ಗಿಡ್ಡ ಕಂಡ್ರ ವಯಸ್ಸಾಗೇದ ಅಂತ ತಿಳ್ಕೋರಿ. ಹುಡುಗರಿಗೆ ಕೊಂಬು ದೊಡ್ಡದಿರ್ತದ, ಬುದ್ಧಿ ಇರೂದಿಲ್ಲ."

ಅವರು ಮೂರು ವರ್ಷದಿಂದ ಹಿಂದೆ ಬಿದ್ದಿದ್ದ ಜಿಂಕೆಗೆ ಹೊಟ್ಟೆಯೂ ಇತ್ತು, ಕೊಂಬೂ ಇತ್ತು, ಬುದ್ಧಿಯಂತೂ ನಮ್ಮಿಬ್ಬರಿಗಿಂತ ಹೆಚ್ಚಿತ್ತು. ಎಡಗಿವಿ ಸೀಳಿತ್ತು. ಡಾಕ್ಟರು ಅದನ್ನು 'ಯಜಮಾನ್ರು' ಎನ್ನುತ್ತಿದ್ದರು. ಯಜಮಾನ್ರು ಬೆಳಕಿನಲ್ಲಿ ಎಂದೂ ಕಾಣಿಸಿಕೊಳ್ಳುತ್ತಿರಲಿಲ್ಲ. ನಸುಕಿನಲ್ಲಿ ಒಂದು ನೆರಳು, ಒಂದು ಕೊಂಬಿನ ತುದಿ, ಅಷ್ಟೇ. ಮಿಕ್ಕ ಜಿಂಕೆಗಳು ಬಯಲಿಗೆ ನುಗ್ಗಿದರೆ ಇದು ಪೊದೆಯ ಅಂಚಿನಲ್ಲಿ ನಿಂತು ಗಾಳಿ ಮೂಸಿ, ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು. ಆ ಹಿಂದಿರುಗುವುದನ್ನು ನೋಡಿ ಡಾಕ್ಟರು ಸಂಗೀತ ಕೇಳುವವರ ಹಾಗೆ ತಲೆದೂಗುತ್ತಿದ್ದರು. ನನಗೂ ಆ ಪ್ರಾಣಿಯ ಮೇಲೆ ಬಹಳ ಗೌರವ ಹುಟ್ಟಿತು.

ಆ ವರ್ಷ ಡಾಕ್ಟರ ಬಲಗೈ ನಡುಗಲು ಶುರುವಾಗಿತ್ತು. ಬಂದೂಕು ಮಾರಿಬಿಡಿ ಎಂದು ಮಕ್ಕಳು ಹಟ ಹಿಡಿದಿದ್ದರು. ಅವರು ಒಪ್ಪಿದರು, ಆದರೆ ಇದೊಂದು ಸೀಸನ್ ಆದ ಮೇಲೆ ಎಂದರು. ಯಜಮಾನ್ರ ಮುಂದೆ ಒಂದು ಸಲವಾದರೂ ಸರಿಯಾಗಿ ಕೂತು, ಸಿಕ್ಕರೆ ಹೊಡೆದು, ಮುಗಿಸಬೇಕು ಎಂಬುದು ಅವರ ಆಸೆ. ಇರ್ವಿಂಗ್‌ನಿಂದ ವಾರವಾರ ಮೂರು ಗಂಟೆ ಡ್ರೈವ್ ಮಾಡಲಾಗದೆ, ಜಾಗ ನೋಡಿ ಕ್ಯಾಮೆರಾ ಕಟ್ಟಿ, ಅದರ ಕಾರ್ಡ್ ಬದಲಿಸಿ ವಿಡಿಯೊ ಕಳಿಸುವ ಜವಾಬ್ದಾರಿಯನ್ನು ನನಗೆ ವಹಿಸಿದರು.

ನಾನು ಎಡವಟ್ಟು ಮಾಡಿದ್ದು ಇಲ್ಲಿ. ನಮ್ಮ ಮನೆಯಲ್ಲಿ ಗಣೇಶನ ಹಬ್ಬವಾಗಿತ್ತು. ದೇವರ ಮುಂದಿಟ್ಟ ಬಾಳೆಹಣ್ಣು, ಸೀಬೆ, ತೆಂಗಿನಕಾಯಿ ಹೋಳು ಬುಟ್ಟಿ ತುಂಬ ಉಳಿದಿದ್ದವು.

"ಕಸದ ಡಬ್ಬಕ್ಕೆ ಹಾಕ್ಬೇಡಿ. ಊರಲ್ಲಾಗಿದ್ರೆ ಹಸುಗೆ ಕೊಡ್ತಿದ್ವಿ," ಎಂದಳು ನನ್ನ ಹೆಂಡತಿ.

ಟೆಕ್ಸಾಸ್‌ನಲ್ಲಿ ಹಸುಗಳಿಗೇನೂ ಕಡಿಮೆಯಿಲ್ಲ. ಆದರೆ ಕಂಡವರ ಬೇಲಿಯೊಳಗೆ ಬಾಳೆಹಣ್ಣು ಎಸೆಯುವ ಧೈರ್ಯ ನನಗಿಲ್ಲ. ಬುಟ್ಟಿಯನ್ನು ಕಾರಿನಲ್ಲಿಟ್ಟುಕೊಂಡು ಹೋಗಿ ಡಾಕ್ಟರ ಜಮೀನಿನ ಓಕ್ ಮರದ ಕೆಳಗೆ ಸುರಿದು, ಕೈಮುಗಿದು ಬಂದೆ. ಕ್ಯಾಮೆರಾದ ಮುಂದೆ ಓಡಾಡಬಾರದೆಂದು ಅಪ್ಪಣೆಯಾಗಿತ್ತು. ಅದಕ್ಕೇ ಅದರ ಕಣ್ಣಿಗೆ ಬೀಳದ ಪಕ್ಕದಲ್ಲಿ ಸುರಿದಿದ್ದೆ.

ಮುಂದಿನ ವಾರ ಹಣ್ಣೆಲ್ಲ ಖಾಲಿ. ವಿಡಿಯೊದಲ್ಲಿ ಹಗಲು ಬೆಳಕಿನಲ್ಲಿ ಯಜಮಾನ್ರು! ಇಳಿಬಿದ್ದ ಹೊಟ್ಟೆ, ತಗ್ಗಿದ ಬೆನ್ನು, ಸೀಳುಗಿವಿ, ಆ ಕಾಲದಲ್ಲಿ ಕಳಚಿ ಕೊಂಬಿನಿಂದ ಜೋಲಾಡುವ ಎಳೆಚರ್ಮ. ಡಾಕ್ಟರು ಫೋನಿನಲ್ಲಿ ಕೂಗಿಯೇಬಿಟ್ಟರು. "ಶಾಬಾಸ್! ಕ್ಯಾಮೆರಾ ಭಾಳ ಛಲೋ ಜಾಗಾದಾಗ ಕಟ್ಟೀರಿ!"

ಹಣ್ಣಿನ ವಿಷಯ ಆಗಲೇ ಹೇಳಬೇಕಿತ್ತು. ಹೊಗಳಿಕೆ ಸಿಹಿಯಾಗಿತ್ತು, ನುಂಗಿಕೊಂಡೆ. ನವರಾತ್ರಿಯಲ್ಲಿ ಒಂಬತ್ತು ದಿನವೂ ಬುಟ್ಟಿ ತುಂಬಿತು. ಆಮೇಲೆ ದೀಪಾವಳಿ. ನಾನು ಸುರಿಯುತ್ತ ಹೋದೆ, ಯಜಮಾನ್ರು ಬರುತ್ತ ಹೋದರು.

ಬೇಟೆಯ ಮೊದಲ ದಿನ ಬೆಳಿಗ್ಗೆ ಮರೆಗಾಗಿ ಕಟ್ಟಿದ ಮರದ ಗೂಡಿನಲ್ಲಿ ಇಬ್ಬರೂ ಕೂತಿದ್ದೆವು. ನನ್ನ ಕೈಯಲ್ಲಿ ವಿಡಿಯೊ ಕ್ಯಾಮೆರಾ, ಅವರ ಕೈಯಲ್ಲಿ ಬಂದೂಕು. ಸೂರ್ಯ ಮೇಲೆ ಬಂದ ಮೇಲೆ ಯಜಮಾನ್ರು ಬಂದರು. ಗಾಳಿ ಮೂಸಲಿಲ್ಲ, ಪೊದೆಯಂಚಿನಲ್ಲಿ ನಿಲ್ಲಲಿಲ್ಲ. ನೇರವಾಗಿ ಓಕ್ ಮರದ ಕೆಳಗೆ ಬಂದು, ಹಿಂದಿನ ದಿನ ನಾನು ಸುರಿದಿದ್ದ ಬಾಳೆಹಣ್ಣಿಗೆ ಬಾಯಿ ಹಾಕಿದರು. ಡಾಕ್ಟರ ಕೈ ಆ ಹೊತ್ತು ಒಂದಿಷ್ಟೂ ನಡುಗಲಿಲ್ಲ.

ಅವರು ಗುಂಡು ಹಾರಿಸಲಿಲ್ಲ. ಬಂದೂಕಿನ ದುರ್ಬೀನಿನಲ್ಲಿ ಬಹಳ ಹೊತ್ತು ನೋಡಿ, ಕೆಳಗಿಳಿಸಿದರು.

"ಅದರ ಕಾಲಾಗ ಕುಂಕುಮಾ ಹಚ್ಚಿದ ತೆಂಗಿನಕಾಯಿ ಬಿದ್ದದಲ್ಲ, ಅದು ಯಾರದು?"

"ನಾನೇ ಹಾಕಿದ್ದು, ಡಾಕ್ಟ್ರೇ. ಪ್ರಸಾದ. ಹಬ್ಬದಿಂದ ಹಾಕ್ತಾ ಇದ್ದೀನಿ."

ಬೈಗುಳ ಬರುತ್ತದೆ ಎಂದುಕೊಂಡಿದ್ದೆ. ಅದಕ್ಕಿಂತ ಕೆಟ್ಟದ್ದು ಬಂತು. ಅವರ ಕಣ್ಣಲ್ಲಿ ನೀರಿತ್ತು.

"ಮೂರು ವರ್ಷ ಇದರ ಜಾಣತನಕ್ಕ ಸೋತಿದ್ದೆ ನಾನು. ಎರಡು ತಿಂಗಳದಾಗ ಭಿಕ್ಷಾ ಹಾಕಿ ಕೆಡಿಸಿಬಿಟ್ಟಿ ನೀ. ಉಣ್ಣಾಕ ಕರೆದು ಹೊಡೀಲೇನು?"

ಮೊದಲ ಬಾರಿಗೆ ನನ್ನನ್ನು ಏಕವಚನದಲ್ಲಿ ಕರೆದಿದ್ದರು. ಕಣ್ಣೊರೆಸಿಕೊಂಡು ಪಕ್ಕದ ಬೇಲಿಯ ಕಡೆ ಕೈ ತೋರಿಸಿದರು. ಅಲ್ಲಿ ಬೇರೆ ಬೇಟೆಗಾರರಿದ್ದರು. ಹೀಗೆ ಹಗಲಲ್ಲಿ ಅಡ್ಡಾಡಿದರೆ ಯಜಮಾನ್ರು ವಾರವೂ ಉಳಿಯುವುದಿಲ್ಲ ಎಂದರು. ನಾವು ಇಳಿದು ಹೋಗಿ ಹಣ್ಣನ್ನೆಲ್ಲ ಆರಿಸಿ ಚೀಲಕ್ಕೆ ತುಂಬಿದೆವು.

ಮರುದಿನದಿಂದ ನನ್ನ ಕೆಲಸ ತಲೆಕೆಳಗಾಯಿತು. ದಿನಾ ಬೆಳಿಗ್ಗೆ ಹೋಗಿ, ಯಜಮಾನ್ರು ಕಂಡೊಡನೆ ದೇವರಮನೆಯ ಜಾಗಟೆ ಬಾರಿಸಿ ಓಡಿಸುವುದು. ಶನಿವಾರ ಮಕ್ಕಳ ಕೈಲಿ ಡ್ರೈವ್ ಮಾಡಿಸಿಕೊಂಡು ಡಾಕ್ಟರೂ ಬರುತ್ತಿದ್ದರು, ಬಂದೂಕು ಬಿಟ್ಟು, ಸ್ಟೀಲ್ ತಟ್ಟೆ ಹಿಡಿದು. ಮೊದಮೊದಲು ಆ ಪ್ರಾಣಿ ಹತ್ತು ಹೆಜ್ಜೆ ಓಡಿ ನಿಂತು, ಹಣ್ಣೆಲ್ಲಿ ಎಂಬಂತೆ ನೋಡುತ್ತಿತ್ತು. ನನ್ನ ಜಾಗಟೆಯ ಸದ್ದು ತಗ್ಗುತ್ತಿತ್ತು. "ಬಾರಿಸ್ರಿ, ಜೋರಾಗಿ ಬಾರಿಸ್ರಿ!" ಎಂದು ಡಾಕ್ಟರು ಗದರಿಸುತ್ತಿದ್ದರು. ಮತ್ತೆ ಬಹುವಚನಕ್ಕೆ ಬಂದಿದ್ದರು, ಅಷ್ಟೇ ನನಗೆ ಸಮಾಧಾನ. ಮೂರನೆಯ ವಾರದಿಂದ ಯಜಮಾನ್ರು ಬರುವುದು ನಿಂತುಹೋಯಿತು. ಬೇರೆ ಜಿಂಕೆಗಳನ್ನು ಹೊಡೆಯಲು ಡಾಕ್ಟರು ಮನಸ್ಸು ಮಾಡಲಿಲ್ಲ. ಹೊಸ ವರ್ಷಕ್ಕೆ ಮೊದಲೇ ಬಂದೂಕು ಮಾರಿದರು. ಯಜಮಾನ್ರು ಬದುಕಿದ್ದಾರೋ, ಬೇಲಿಯಾಚೆಯವರ ಗುಂಡಿಗೆ ಬಲಿಯಾದರೋ, ಆಗ ಇಬ್ಬರಿಗೂ ತಿಳಿದಿರಲಿಲ್ಲ.

ಬೇಟೆಯ ಕಾಲ ಮುಗಿದ ಮೇಲೆ ಕೊನೆಯ ಕಾರ್ಡ್ ತಂದು, ಇರ್ವಿಂಗ್‌ನ ಅವರ ಮನೆಯ ದೊಡ್ಡ ಟೀವಿಗೆ ಹಾಕಿದೆ. ನಸುಕಿನಲ್ಲಿ ಒಂದು ಸೀಳುಗಿವಿ. ವರ್ಷಕ್ಕೊಮ್ಮೆ ಉದುರುವ ಕೊಂಬುಗಳಲ್ಲಿ ಒಂದು ಆಗಲೇ ಬಿದ್ದಿತ್ತು. ಯಜಮಾನ್ರು ಪೊದೆಯಂಚಿನಲ್ಲಿ ನಿಂತು ಗಾಳಿ ಮೂಸಿದರು. ಓಕ್ ಮರದ ಕಡೆ ನೋಡಿದರು. ಒಂದು ಹೆಜ್ಜೆಯನ್ನೂ ಮುಂದಿಡದೆ ಬಂದ ದಾರಿಯಲ್ಲೇ ಹಿಂದಿರುಗಿದರು.

ಡಾಕ್ಟರು ಅದನ್ನು ಮೂರು ಸಲ ಹಾಕಿಸಿದರು. ಮೂರನೆಯ ಸಲ, ನಡುಗುವ ಕೈಯನ್ನು ಟೀವಿಯ ಕಡೆ ಎತ್ತಿ ಹೇಳಿದರು.

"ಹಾಂಗ ಇರು, ನಮ್ಮಪ್ಪಾ. ನಮ್ಮನ್ನ ನಂಬಬ್ಯಾಡ."